ಸಾವಕಾರರ ಡಬ್ಬಿ

ಕರೆಂಟು ಬಂದು ಬಹಳ ಹೊತ್ತಾಗಿತ್ತು. ಸಾವಕಾರರ ಡಬ್ಬಿ ಮಾತ್ರ ಬಂದಿರಲಿಲ್ಲ.

ಗಿರಣಿಯ ಮುಂದೆ ಜನ ಕುಕ್ಕರಗಾಲಲ್ಲಿ ಕೂತಿದ್ದರು. ಗೋಡೆಗುಂಟ ಅವರ ಡಬ್ಬಿ, ಬುಟ್ಟಿ, ಗಂಟುಗಳು. ಸುಮನಬಾಯಿ ಸ್ವಿಚ್ಚಿನ ಪಕ್ಕ ನಿಂತಿದ್ದಳು. ಗಿರಣಿ ಅವಳದು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅವಳ ಹೆಸರಿದೆ, ಹೆಸರಿನ ಕೆಳಗೆ ಸಾಲ ಕೊಟ್ಟ ಸರ್ಕಾರಿ ಅಭಿವೃದ್ಧಿ ಬ್ಯಾಂಕಿನ ಹೆಸರಿದೆ. ಸ್ವಿಚ್ಚು ಒತ್ತಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆದರೂ ಅವಳು ಒತ್ತುತ್ತಿರಲಿಲ್ಲ.

ಕಾರಣ ಇಷ್ಟೇ. ಬೀಸುವ ಕಲ್ಲಿನಲ್ಲಿ ಹಿಂದಿನವರ ಹಿಟ್ಟು ಒಂದೆರಡು ಹಿಡಿ ಉಳಿದೇ ಉಳಿಯುತ್ತದೆ. ಮುಂದಿನವರ ಹಿಟ್ಟಿನ ಜೊತೆ ಅದು ಬೀಳುತ್ತದೆ. ಜೋಳಕ್ಕೆ ಜೋಳ ಸೇರಿದರೆ ನಾಲಿಗೆಗೆ ತಿಳಿಯುವುದಿಲ್ಲ. ಆದರೆ ಯಾರ ಜೋಳಕ್ಕೆ ಯಾರ ಜೋಳ ಸೇರಿತು ಎಂಬುದು ಊರಿಗೆ ಚೆನ್ನಾಗಿ ತಿಳಿಯುತ್ತದೆ. ಅದಕ್ಕೇ ಅವಳು ದಿನಾ ಸಂಜೆ ಮೇಲಿನ ಕಲ್ಲನ್ನು ಎದೆಗಾನಿಸಿ ಎತ್ತಿ, ಸಂದುಗೊಂದುಗಳನ್ನು ಬ್ರಶ್ಶಿನಿಂದ ತಿಕ್ಕಿ ಇಡುತ್ತಿದ್ದಳು. ಮುಂಜಾನೆ ಆ ತೊಳೆದಂಥ ಕಲ್ಲಿನ ಮೇಲೆ ಮೊದಲು ಬೀಳಬೇಕಾದದ್ದು ಗುರುಲಿಂಗ ಸಾವಕಾರರ ಮನೆಯ ಜೋಳ. ಅದು ಬಿದ್ದ ಮೇಲೆ ಉಳಿದ ಊರು. ಊರೆಲ್ಲ ಮುಗಿದ ಮೇಲೆ ಅವಳ ಕೇರಿ.

ಹೀಗೆ ಆಗಬೇಕೆಂದು ಸಾವಕಾರರು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಅವರು ಹಾಗೆಲ್ಲ ಹೇಳುವ ಮನುಷ್ಯರೇ ಅಲ್ಲ. ಅದೇ ಈ ಕಥೆಯ ಕಷ್ಟ.

ಮುಡಬಿಯಿಂದ ಬಸವಕಲ್ಯಾಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು ಇದು. ಮಾದಿಗರ ಕೇರಿಯ ಬಾಯಲ್ಲೇ ಗಿರಣಿ. ಸುಮನಬಾಯಿ ಹುಟ್ಟಿದಂದಿನಿಂದ ಕಂಡವರ ಹೊಲದಲ್ಲಿ ಕಳೆ ತೆಗೆದವಳು, ತೊಗರಿ ಕೊಯ್ದವಳು. ಗಂಡ ಹಣಮಂತ ಹಮಾಲಿ ಮಾಡುತ್ತಿದ್ದ, ಸೊಂಟ ಹಿಡಿದ ಮೇಲೆ ಬಿಟ್ಟ. ಅಭಿವೃದ್ಧಿ ಬ್ಯಾಂಕಿನವರು ಬಸವಕಲ್ಯಾಣದಲ್ಲಿ ದೊಡ್ಡದೊಂದು ಸಾಲ ಮೇಳ ಮಾಡಿದಾಗ ಇಬ್ಬರೂ ಟಂಟಂ ಆಟೋ ಹತ್ತಿ ಹೋಗಿದ್ದರು. ಇನ್ನು ಮೇಲೆ ನಿಮ್ಮನ್ನು ಯಾರೂ ತಡೆಯುವುದಿಲ್ಲ, ನಿಮ್ಮ ಕಾಲ ಮೇಲೆ ನೀವು ನಿಲ್ಲುತ್ತೀರಿ ಎಂದು ವೇದಿಕೆಯ ಮೇಲಿನವರು ಹೇಳಿದರು. ಸುಮನಬಾಯಿಗೆ ಆ ಮಾತು ಮೈಯೊಳಗೆ ಇಳಿಯಿತು. ಹಿಟ್ಟಿನ ಗಿರಣಿ ಬೇಕೆಂದಳು. ಕೊಡುತ್ತೇವೆ, ಜಮೀನು ಇರುವವರದೊಂದು ಜಾಮೀನು ತನ್ನಿ ಎಂದರು.

ಕೇರಿಯಲ್ಲಿ ಯಾರಿಗೆ ಜಮೀನು? ಊರೊಳಗೆ ಬಾಗಿಲು ಬಾಗಿಲು ತಿರುಗಿದಳು. ಹೊಸ್ತಿಲಾಚೆ ನಿಂತು ಕೇಳಿದಳು, ಹೊಸ್ತಿಲೊಳಗಿಂದ ಇಲ್ಲವೆಂದರು. ಕೊನೆಗೆ ಗುರುಲಿಂಗ ಸಾವಕಾರರೇ ಕರೆಸಿದರು. ಕೇಳದೆ ಕರೆಸಿದರು. ಹುಮನಾಬಾದಿನ ಬ್ಯಾಂಕಿಗೆ ತಮ್ಮ ಜೀಪಿನಲ್ಲೇ ಹೋಗಿ ಸಹಿ ಹಾಕಿ ಬಂದರು. ಒಂದು ಪೈಸೆ ಲಂಚ ಮುಟ್ಟಲಿಲ್ಲ, ಒಂದು ಷರತ್ತು ಹಾಕಲಿಲ್ಲ. ಮಾದಿಗರ ಗಿರಣಿಗೆ ಊರು ಬರುತ್ತದೋ ಇಲ್ಲವೋ ಎಂದು ಹಣಮಂತ ಅಂಜುತ್ತಿದ್ದಾಗ ಮೊದಲ ಡಬ್ಬಿ ಕಳಿಸಿದವರೂ ಅವರೇ. ಅವರ ಡಬ್ಬಿ ಬಂತೆಂದು ಊರಿನ ಡಬ್ಬಿಗಳು ಬಂದವು. ಬಾರದೆ ಇದ್ದಿದ್ದರೆ ಗಿರಣಿ ಉದ್ಘಾಟನೆಯ ದಿನವೇ ತುಕ್ಕು ಹಿಡಿಯಲು ಶುರು ಮಾಡುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಸಾವಕಾರರಿಗೂ ಗೊತ್ತಿತ್ತು. ಅವರು ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಡಬ್ಬಿ ತರುವುದು ಅವರ ಮನೆಯ ಆಳು ಗುರುನಾಥ. ಅವನು ಸಾವಕಾರರ ಜಾತಿಯವನೇ, ಬಡವ. ಜೋಳ ಸುರಿಯುವವನೂ ಅವನೇ, ಹಿಟ್ಟು ತುಂಬಿಕೊಳ್ಳುವವನೂ ಅವನೇ. ಸುಮನಬಾಯಿ ಸ್ವಿಚ್ಚು ಒತ್ತಬೇಕು, ಮೋಟಾರಿನ ಪಟ್ಟಾ ಜಾರಿದರೆ ಏರಿಸಬೇಕು, ಕಲ್ಲಿನ ಹಲ್ಲು ಸವೆದಾಗ ಉಳಿ ಸುತ್ತಿಗೆ ಹಿಡಿದು ಕಚ್ಚು ಹಾಕಬೇಕು. ಕಲ್ಲಿನ ಚೂರು ಸಿಡಿದು ಅವಳ ಮುಂಗೈ ತುಂಬ ಕಪ್ಪು ಚುಕ್ಕೆಗಳಾಗಿದ್ದವು. ಹಿಟ್ಟು ಮೂಗಿನಲ್ಲಿ, ಕಿವಿಯಲ್ಲಿ, ಎದೆಯಲ್ಲಿ. ಕೆಮ್ಮಿದರೆ ಬಿಳಿ ಕಫ. ಆದರೆ ಬೀಳುವ ಹಿಟ್ಟನ್ನು ಅವಳು ಮುಟ್ಟುವ ಹಾಗಿಲ್ಲ. ಗಿರಣಿ ನಡೆಸುವವರು ಹಿಟ್ಟು ಬೀಳುವಾಗ ಒಂದು ಚಿಟಿಕೆ ಹಿಡಿದು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾರೆ. ದಪ್ಪವಾಯಿತೋ ಸಣ್ಣಗಾಯಿತೋ, ಬಿಸಿ ಹೆಚ್ಚಾಯಿತೋ, ಕೈಗೇ ತಿಳಿಯಬೇಕು. ಅವಳು ತಿಕ್ಕಿ ನೋಡುವುದು ತನ್ನ ಕೇರಿಯವರ ಹಿಟ್ಟನ್ನು ಮಾತ್ರ. ಉಳಿದವರ ಹಿಟ್ಟಿಗೆ ಸದ್ದು ಕೇಳಿ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ಬೈಗುಳ ಕೇಳಬೇಕು.

ಇನ್ನೂ ಒಂದಿತ್ತು. ಪ್ರತಿ ಅಮಾವಾಸ್ಯೆಯ ಮುನ್ನಾದಿನ ಅವಳು ಸಾವಕಾರರ ಮನೆಯ ಹಿತ್ತಲಿಗೆ ಹೋಗಿ ದನದ ಕೊಟ್ಟಿಗೆ ಬಳಿದು, ಅಂಗಳ ಗುಡಿಸಿ, ಸಾವಕಾರರು ಹೊರಗೆ ಬರುವ ತನಕ ನಿಂತು ಮುಖ ತೋರಿಸಿ ಬರುತ್ತಿದ್ದಳು. ಬಾ ಎಂದು ಯಾರೂ ಕರೆದಿರಲಿಲ್ಲ. ಮೊದಲ ಸಲ ಹೋದಾಗ ಸಾವಕಾರರು, ಇದೆಲ್ಲ ಯಾಕವ್ವ ಅಂದಿದ್ದರು. ಮುಗುಳ್ನಗುತ್ತ ಅಂದಿದ್ದರು. ಎರಡನೆಯ ಸಲ ಅನ್ನಲಿಲ್ಲ. ಒಂದು ತಿಂಗಳು ಜ್ವರ ಬಂದು ಹಿತ್ತಲಿಗೆ ಹೋಗಲಾಗದಿದ್ದಾಗ ಅವಳಿಗೆ ಜ್ವರಕ್ಕಿಂತ ಹೆಚ್ಚು ಅದರದೇ ಅಂಜಿಕೆಯಾಯಿತು. ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೆ ಅವಳು ಮುಂದಿನ ತಿಂಗಳು ಇನ್ನಷ್ಟು ಬಗ್ಗಿ ಗುಡಿಸಿದಳು.

ಅಂದು ಮುಂಜಾನೆ ಸಾಲಿನಿಂದ ಎದ್ದು ಬಂದವಳು ದರ್ಗಾದ ಹತ್ತಿರದ ಕರೀಮಾ. ಕೈಯಲ್ಲಿ ಗೋಧಿಯ ಗಂಟು. ಮನೆಯಲ್ಲಿ ಹಿರಿಯರ ಹೆಸರಿನ ಫಾತಿಹಾ ಓದಿಸುವುದಿತ್ತು, ಹಂಚಲು ಮಲೀದಾ ಸಿಹಿ ಮಾಡಬೇಕು, ಜನ ಬರುವ ಹೊತ್ತಾಯಿತು. ಕರೆಂಟು ಇನ್ನೇನು ಹೋಗುತ್ತದೆ.

"ಸುಮನಬಾಯಿ, ಇದೊಂದು ಹಾಕಿಬಿಡವಾ. ಅವರ ಡಬ್ಬಿ ಇವತ್ತು ಬರ್ತದೋ ಇಲ್ಲೋ. ಗಿರಣಿ ನಿಂದೇ ಅದ ಅಲ್ಲ?"

ಕರೀಮಾ ಚುಚ್ಚಲು ಹೇಳಿದ್ದಲ್ಲ. ಅವಸರಕ್ಕೆ ಹೇಳಿದ್ದು. ಆದರೆ ಸುಮನಬಾಯಿಗೆ ಚುಚ್ಚಿತು. ಅವಳು ರಸ್ತೆ ನೋಡಿದಳು. ಸಾಲು ನೋಡಿದಳು. ಸಾಲಿನವರು ಬೇರೆಲ್ಲೋ ನೋಡಿದರು. ಗೋಧಿ ಸುರಿದು ಸ್ವಿಚ್ಚು ಒತ್ತಿದಳು.

ಗಿರಣಿ ಗರ್ಜಿಸುತ್ತಿದ್ದಾಗಲೇ ಗುರುನಾಥ ಡಬ್ಬಿ ಹೊತ್ತು ಬಂದ. ಬಾಗಿಲಲ್ಲಿ ನಿಂತ. ಬೀಳುತ್ತಿದ್ದ ಹಿಟ್ಟನ್ನೂ ಕರೀಮಾಳ ಮುಖವನ್ನೂ ನೋಡಿದ. ಹೊತ್ತ ಡಬ್ಬಿಯನ್ನು ಇಳಿಸದೆಯೇ ತಿರುಗಿ ಹೋದ. ಅವನು ಓಣಿ ದಾಟುವಷ್ಟರಲ್ಲಿ ಸಾಲಿನ ಒಂದು ಡಬ್ಬಿ ಎದ್ದಿತು. ಅದರ ಹಿಂದೆ ಇನ್ನೊಂದು. ಯಾರೂ ಜಗಳ ಮಾಡಲಿಲ್ಲ. ಒಬ್ಬಳು ನೆಂಟರು ಬಂದಿದ್ದಾರೆ ಅಂದಳು, ಒಬ್ಬ ನಾಳೆ ಬರುತ್ತೇನೆ ಅಂದ. ಕರೀಮಾಳ ಗೋಧಿ ಮುಗಿದಾಗ ಗೋಡೆಗುಂಟ ಏನೂ ಉಳಿದಿರಲಿಲ್ಲ. ಕರೀಮಾ ಹಿಟ್ಟಿನ ಗಂಟು ಹಿಡಿದು ಅಳುವ ಮುಖ ಮಾಡಿಕೊಂಡು ನಿಂತಳು.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಣಮಂತ ಸಾವಕಾರರ ಕಾಲು ಹಿಡಿದು ಬಾ ಎಂದು ಅವಳ ಬೆನ್ನು ಬಿದ್ದ. ತಪ್ಪು ಮಾಡಿದ್ದರೆ ತಾನೆ ಕಾಲು ಹಿಡಿಯುವುದು ಎಂದಳು. ಅವನು ಸೊಕ್ಕು ಎಂದ. ಹೊಡೆಯಲು ಕೈ ಎತ್ತಿದ, ಸೊಂಟ ನೋವಿಗೆ ಇಳಿಸಿದ. ಕೊನೆಗೆ ತಾನೇ ಹೋಗಿ ಕಾಲು ಹಿಡಿದು ಬಂದ.

ಸಾವಕಾರರು ಆಳನ್ನು ಕಳಿಸಲಿಲ್ಲ, ತಾವೇ ಬಂದರು. ಅವರ ಹಿಂದೆ ಗುರುನಾಥ, ಅವನ ಹೆಗಲ ಮೇಲೆ ಡಬ್ಬಿ, ಅವನ ಹಿಂದೆ ಅರ್ಧ ಊರು. ಯಾರೋ ಓಡಿ ಹೋಗಿ ಕುರ್ಚಿ ತಂದು ಗಿರಣಿಯ ಮುಂದಿಟ್ಟರು. ಸಾವಕಾರರು ಕೂತರು. ಮೈಮೇಲೆ ಒಗೆದ ಬಿಳಿ ಬಟ್ಟೆ, ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಸಿಟ್ಟಿನ ಒಂದು ಗೆರೆಯೂ ಇಲ್ಲ.

"ಇರಲಿ ಬಿಡವ್ವ. ತಪ್ಪು ಮನುಷ್ಯಾರಿಂದನೇ ಆಗ್ತದ. ನಾ ಮನಸ್ಸಿಗಿ ಹಚ್ಚಿಕೊಂಡಿಲ್ಲ. ಚಾಲೂ ಮಾಡು."

ಜನರಿಗೆ ಸಮಾಧಾನವಾಯಿತು. ಎಂಥ ದೊಡ್ಡ ಮನಸ್ಸು ಎಂದರು. ಹಣಮಂತನ ಕಣ್ಣಲ್ಲಿ ನೀರು ಬಂತು. ಸುಮನಬಾಯಿಗೆ ಅನ್ನಿಸಿದ್ದೇ ಬೇರೆ. ತನ್ನ ಗಿರಣಿಯಲ್ಲಿ ತಾನು ಗೋಧಿ ಬೀಸಿದ್ದಕ್ಕೆ ಈ ಮನುಷ್ಯ ತನ್ನನ್ನು ಕ್ಷಮಿಸುತ್ತಿದ್ದಾನೆ. ಇಷ್ಟು ಜನರ ಮುಂದೆ, ಕುರ್ಚಿ ಹಾಕಿಕೊಂಡು. ಬೈದಿದ್ದರೆ ಬಾಯಿ ಇತ್ತು, ಹೊಡೆದಿದ್ದರೆ ಪೊಲೀಸ್ ಠಾಣೆ ಇತ್ತು. ಕ್ಷಮಿಸಿದವನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಗುರುನಾಥ ಜೋಳ ಸುರಿದ. ಅವಳು ಸ್ವಿಚ್ಚು ಒತ್ತಿದಳು. ಕಲ್ಲು ತಿರುಗಿತು, ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ಬೀಳತೊಡಗಿತು. ಸುಮನಬಾಯಿ ಮುಂದೆ ಬಂದು ಬಗ್ಗಿದಳು. ಎಲ್ಲರೂ ನೋಡುತ್ತಿದ್ದಂತೆ ಬೀಳುವ ಹಿಟ್ಟಿಗೆ ಅಂಗೈ ಒಡ್ಡಿದಳು. ಹಿಟ್ಟು ಬೆಚ್ಚಗಿತ್ತು. ಒಂದು ಚಿಟಿಕೆ ಹಿಡಿದು ಹೆಬ್ಬೆರಳಿನಿಂದ ತಿಕ್ಕಿದಳು.

"ದಪ್ಪ ಬೀಳಾಕತ್ತದರಿ. ಕಲ್ಲು ಜರಾ ಬಿಗಿ ಮಾಡ್ತೀನಿ," ಅಂದಳು.

ಗುರುನಾಥ ಬಾಯಿ ತೆರೆದು ನಿಂತ. ಹಣಮಂತ ಗೋಡೆ ಹಿಡಿದುಕೊಂಡ. ಸುಮನಬಾಯಿ ಕಾದಳು. ಈಗಲಾದರೂ ಇವನು ಬೈಯಲಿ, ಡಬ್ಬಿ ಒದೆಯಲಿ, ಜಾತಿ ಎತ್ತಿ ಆಡಲಿ ಎಂದು ಕಾದಳು. ಆಗ ಇವನ ಹಿಡಿತ ಎಲ್ಲರ ಕಣ್ಣಿಗೆ ಕಾಣುತ್ತದೆ, ಅದನ್ನು ಹೆಸರಿಟ್ಟು ಕರೆಯಲು ಬರುತ್ತದೆ.

ಸಾವಕಾರರು ನಕ್ಕರು. "ಬಿಗಿ ಮಾಡವ್ವ. ಗಿರಣಿ ನಿಂದು, ನಿನಗ ತಿಳೀತದ," ಅಂದರು. ಎದ್ದು ಧೋತರದ ಚುಂಗು ಹಿಡಿದು ಹೋದರು. ಆ ಹಿಟ್ಟನ್ನು ಅವರ ಹಿತ್ತಲಲ್ಲಿ ಎಮ್ಮೆಗೆ ಕಲಸಿ ಇಟ್ಟರೆಂದು ಅವಳಿಗೆ ಆಮೇಲೆ ತಿಳಿಯಿತು. ಮರುದಿನ ಡಬ್ಬಿ ಮತ್ತೆ ಬಂತು. ಅದೂ ಕ್ಷಮೆಯೇ.

ಸುಮನಬಾಯಿ ಬಸವಕಲ್ಯಾಣಕ್ಕೆ ಟಂಟಂ ಹಿಡಿದು, ಅಲ್ಲಿಂದ ಹುಮನಾಬಾದಿನ ಬಸ್ಸು ಹತ್ತಿದಳು.

ಅಭಿವೃದ್ಧಿ ಬ್ಯಾಂಕಿನ ಶಾಖೆಯಲ್ಲಿ ಬಸವಕಿರಣ ಎಂಬ ಹುಡುಗವಯಸ್ಸಿನ ಅಧಿಕಾರಿ. ಒಳ್ಳೆಯವನು. ಅವಳಿಗೆ ಕುರ್ಚಿ ಕೊಟ್ಟ, ಚಹಾ ತರಿಸಿದ. ಅವಳ ಕಂತು ಒಂದೂ ತಪ್ಪಿಲ್ಲವೆಂದು ಹೊಗಳಿದ. ಸಾವಕಾರರ ಜಾಮೀನು ತೆಗೆದುಹಾಕಿ ಎಂದು ಅವಳು ಕೇಳಿದಾಗ ಅವನಿಗೆ ಮೊದಲು ತಿಳಿಯಲೇ ಇಲ್ಲ. ಅವರು ದುಡ್ಡು ಕೇಳಿದರೇ, ಬೆದರಿಸಿದರೇ, ಗಿರಣಿ ಮುಚ್ಚಿಸಿದರೇ ಎಂದು ಒಂದೊಂದಾಗಿ ವಿಚಾರಿಸಿದ. ಎಲ್ಲಕ್ಕೂ ಅವಳು ಇಲ್ಲವೆಂದಳು. ಹಾಗಾದರೆ ತೊಂದರೆ ಏನು ಎಂದು ಪೆನ್ನು ಕೆಳಗಿಟ್ಟ.

"ನಿಮಗ ಯಾರೂ ಅಡ್ಡ ಬಂದಿಲ್ಲಲ್ರೀ ಬಾಯಿ. ಅಡ್ಡ ಬರವರು ಇಲ್ಲ ಅಂದ್ರ ಅದೇ ಸ್ವಾತಂತ್ರ್ಯ. ನಮ್ಮ ಬ್ಯಾಂಕ್ ಇರೂದೇ ಅದಕ್ಕ. ನಿಮ್ಮ ದಾರಿ ಸಾಫ್ ಮಾಡೂದು."

"ಅಡ್ಡ ಬರೂದು ಬಿಡೂದು ಅವರ ಕೈಯಾಗ ಅದರಿ ಸಾಹೇಬ್ರ. ಇವತ್ತು ಬಂದಿಲ್ಲ. ನಾಳಿಗಿ ಬರಬಾರದು ಅಂತ ಎಲ್ಲಿ ಬರದೀರಿ? ನಾ ದಿನಾ ಅವರ ಮಾರಿ ನೋಡಿ ಉಸರು ಬಿಡಬೇಕು. ಅವರು ನಕ್ಕರ ನನ್ನ ಗಿರಣಿ ನಡೀತದ. ರೊಕ್ಕ ಸರ್ಕಾರದ್ದು, ನಡುವ ಅವರ ದಯಾ ಯಾಕ ಬೇಕ್ರಿ?"

ಬಸವಕಿರಣ ತಾಳ್ಮೆಯಿಂದ ಕೇಳಿದ. ಅಂಥ ದಯೆ ಇರುವವರು ಊರಿಗೊಬ್ಬರಿದ್ದರೆ ಬ್ಯಾಂಕಿನ ಕೆಲಸ ಎಷ್ಟು ಹಗುರಾಗುತ್ತಿತ್ತು ಎಂದ. ಗಿರಣಿಯನ್ನೇ ಜಾಮೀನಾಗಿ ಇಟ್ಟುಕೊಳ್ಳಿ ಎಂದಳು. ನಿಯಮವಿಲ್ಲ. ಕೇರಿಯ ಹೆಣ್ಣುಮಕ್ಕಳೆಲ್ಲ ಸೇರಿ ಜಾಮೀನು ನಿಲ್ಲುತ್ತೇವೆ ಎಂದಳು. ಅದಕ್ಕೂ ನಿಯಮವಿಲ್ಲ. ನಿಯಮ ಮಾಡುವವರು ಯಾರು ಎಂದು ಕೇಳಿದಳು. ಮೇಲಿನವರು ಮಾಡುತ್ತಾರೆ, ತಾಲೂಕಿನ ಸಲಹಾ ಸಮಿತಿಯವರು ಬೇಕಾದರೆ ಶಿಫಾರಸು ಮಾಡಬಹುದು ಎಂದ. ಸಮಿತಿಯಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದಳು. ನಿಮ್ಮ ಊರಿನವರೇ ಇದ್ದಾರಲ್ಲ, ಗುರುಲಿಂಗ ಸಾವಕಾರರು, ಎಂದ. ಅವನಿಗೆ ಅದರಲ್ಲಿ ಬಚ್ಚಿಡುವಂಥದ್ದೇನೂ ಕಾಣಲಿಲ್ಲ.

ಜಾಮೀನು ತೆಗೆದರೆ ಉಳಿದ ಸಾಲ ಒಂದೇ ಸಲ ಕಟ್ಟಬೇಕಾಗುತ್ತದೆ, ಆಗದಿದ್ದರೆ ಮಷೀನು ಹೋಗುತ್ತದೆ ಎಂದು ತಿಳಿಸಿ ಹೇಳಿದ. ಒಮ್ಮೆ ಮನೆಗೆ ಹೋಗಿ ವಿಚಾರ ಮಾಡಿ ಎಂದ. ಸುಮನಬಾಯಿ ವಿಚಾರ ಮಾಡಿಯೇ ಬಂದಿದ್ದಳು. ಮಷೀನು ಹೋಗುವುದಾದರೆ ಹೋಗಲಿ. ಸಾಲ ಮಾಡಿದವಳು ನಾನು, ಸೋಲುವವಳೂ ನಾನೇ ಆಗುತ್ತೇನೆ. ಜಾಮೀನು ತೆಗೆಯಲು ಅರ್ಜಿ ಬರೆಸಿ, ಕೆಳಗೆ ತಾನೇ ಸಹಿ ಹಾಕಿದಳು.

ಅವಳಿಗೆ ಅದೂ ಸಿಗಲಿಲ್ಲ.

ಬ್ಯಾಂಕಿನಿಂದ ಸುದ್ದಿ ಮುಟ್ಟಿದ ವಾರದಲ್ಲೇ ಸಾವಕಾರರು ಹುಮನಾಬಾದಿಗೆ ಹೋಗಿ ಅವಳ ಸಾಲವನ್ನೆಲ್ಲ ಕಟ್ಟಿ ಬಂದರು. ಯಾರೂ ಕೇಳಿರಲಿಲ್ಲ. ಬಡವಿಯ ಗಿರಣಿ ನಿಲ್ಲಬಾರದು ಎಂದರಂತೆ. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಸುಮನಬಾಯಿ ಬಸವಕಿರಣನಿಗೆ ಫೋನು ಮಾಡಿ, ಅದನ್ನು ಅವರಿಗೆ ವಾಪಸು ಕೊಡಿ ಎಂದಳು. ಹಾಗೆ ಬರುವುದಿಲ್ಲ, ಯಾರ ಸಾಲವನ್ನು ಯಾರು ತೀರಿಸಿದರೂ ಬ್ಯಾಂಕು ಬೇಡ ಅನ್ನುವಂತಿಲ್ಲ ಎಂದ. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಈಗ ನೀವು ಪೂರ್ತಿ ಸ್ವತಂತ್ರ ಆದ್ರಿ," ಎಂದ.

ಅವಳು ಗಿರಣಿಗೆ ಬೀಗ ಹಾಕಿ, ಕೀಲಿ ಹಿಡಿದು ಸಾವಕಾರರ ಮನೆಗೆ ನಡೆದಳು. ಹಿತ್ತಲಿಗೆ ಹೋಗಲಿಲ್ಲ, ಮುಂಬಾಗಿಲಿಗೆ ಹೋದಳು. ಹಣಮಂತ ಹಿಂದೆ ಹಿಂದೆ ಕುಂಟುತ್ತ ಬಂದ. ಸಾವಕಾರರು ಕಟ್ಟೆಯ ಮೇಲೆ ಕೂತಿದ್ದರು. ಅವರ ಮುಂದೆ ಕೀಲಿ ಇಟ್ಟಳು.

"ನನಗ್ಯಾಕವ್ವ ಇದು? ಗಿರಣಿ ನಿಂದು. ನಾ ನಿನಗ ಏನರ ಕೇಳೀನೇನು?"

"ಕೇಳ್ರಿ," ಅಂದಳು ಸುಮನಬಾಯಿ. "ಒಂದ್ಸಲ ಏನರ ಕೇಳ್ರಿ ಸಾವಕಾರ್ರೆ. ಕೊಡೂದಿಲ್ಲ ಅಂತ ಅಂತೀನಿ. ಅಷ್ಟು ಅನ್ನಲಿಕ್ಕರ ಬಿಡ್ರಿ ನನಗ."

ಸಾವಕಾರರ ಮುಖದಲ್ಲಿ ಅಂದು ಮೊದಲ ಸಲ ಏನೋ ಹಾದುಹೋಯಿತು. ಒಂದು ಕ್ಷಣ ಅಷ್ಟೇ. ಮತ್ತೆ ಅದೇ ನಗು. ಕೀಲಿ ತೆಗೆದುಕೊಂಡು ಅವಳ ತಲೆಯ ಮೇಲಿಂದ ಹಾಯಿಸಿ ಹಣಮಂತನ ಕಡೆ ಒಗೆದರು. ಅವನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಸುಮನಬಾಯಿಗೆ ಮೈಯಾಗ ಆರಾಮ ಇಲ್ಲ ಕಾಣಸ್ತದ, ನೀನೇ ನಡಸು ಎಂದು ಅವನಿಗೆ ಬುದ್ಧಿ ಹೇಳಿದರು.

ಮರುದಿನ ಮುಂಜಾನೆ ಗಿರಣಿ ಶುರುವಾಯಿತು. ಡಬ್ಬಿ ಬಂದ ಮೇಲೆಯೇ ಶುರುವಾಯಿತು. ಹಣಮಂತ ಕಲ್ಲು ಎತ್ತಲಾರದೆ ಒಬ್ಬನನ್ನು ಜೊತೆಗೆ ಹಚ್ಚಿಕೊಂಡ. ಹಿಟ್ಟಿಗೆ ಕೈ ಹಚ್ಚಲಿಲ್ಲ. ಸುಮನಬಾಯಿ ಗಿರಣಿಯೊಳಗೆ ಕಾಲಿಡಲಿಲ್ಲ. ಅನ್ನ ಹಾಕಿದ ಕೈಯನ್ನು ಒದ್ದವಳು ಎಂದು ಊರು ಅಂದಿತು, ಕೇರಿಯೂ ಅಂದಿತು. ಕರೀಮಾ ಒಬ್ಬಳೇ ಸುಮ್ಮನಿದ್ದಳು, ಆದರೆ ಅವಳೂ ಈಗ ಗೋಧಿ ತೆಗೆದುಕೊಂಡು ಸಾಲಿನ ಕೊನೆಗೆ ಕೂಡುತ್ತಿದ್ದಳು. ಸಾಲ ತೀರಿಸಿದವರಿಗೆ ಬಸವಕಲ್ಯಾಣದಲ್ಲಿ ಬ್ಯಾಂಕಿನವರು ಶಾಲು ಹೊದಿಸಿದರು. ಹಣಮಂತ ಹೋಗಿ ಹೊದಿಸಿಕೊಂಡು ಬಂದ. ಫೋಟೋದಲ್ಲಿ ಅವನ ಹೆಗಲ ಮೇಲೆ ಸಾವಕಾರರ ಕೈ ಇತ್ತು. ಮಾದಿಗನ ಹೆಗಲ ಮೇಲೆ ಕೈ ಹಾಕಿದರೆಂದು ಅದನ್ನು ಬಹಳ ಜನ ಮೊಬೈಲಿನಲ್ಲಿ ಇಟ್ಟುಕೊಂಡರು.

ಸುಮನಬಾಯಿ ಊರಿನ ಹೊಲಗಳಿಗೆ ಕೂಲಿಗೆ ಹೋಗಲಿಲ್ಲ. ಅವೆಲ್ಲ ಸಾವಕಾರರವು, ಇಲ್ಲವೇ ಅವರ ಬೀಗರವು. ಹುಮನಾಬಾದಿನ ಕಡೆ ಹುಡಗಿ ಎಂಬ ಊರಿನ ಹೊಲಗಳಿಗೆ ಹೆಣ್ಣಾಳು ತುಂಬಿಕೊಂಡು ಹೋಗುವ ಗಾಡಿ ರಸ್ತೆಗೆ ಬರುತ್ತಿತ್ತು. ಅದನ್ನು ಹತ್ತಿದಳು. ತೊಗರಿಯಲ್ಲಿ ಕಳೆ ತೆಗೆಯುವ ಕೆಲಸ. ಬಿಸಿಲಿಗೆ ಬೆನ್ನು ಸೀಳುತ್ತಿತ್ತು, ಎದೆಯೊಳಗಿನ ಹಿಟ್ಟು ಇನ್ನೂ ಕೆಮ್ಮಿಸುತ್ತಿತ್ತು. ಹೊಲದ ಮಾಲೀಕ ಬಸವಣಪ್ಪ ಬಾಯಿ ಹೊಲಸಿನ ಮನುಷ್ಯ. ಕೆಮ್ಮುತ್ತ ನಿಂತವಳನ್ನು ನೋಡಿ ಬದುವಿನ ಮೇಲಿಂದಲೇ ಜಾತಿ ಹಿಡಿದು, ತಾಯಿ ಹಿಡಿದು ಬೈದ.

ಸುಮನಬಾಯಿ ನೆಟ್ಟಗೆ ನಿಂತಳು. ಕುಡುಗೋಲು ಕೈಯಲ್ಲೇ ಇತ್ತು. ಅವನ ತಾಯಿ, ಅವನ ಅಜ್ಜ, ಅವನ ಹೊಲ, ಅವನ ಮೀಸೆ, ಒಂದನ್ನೂ ಬಿಡದೆ, ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದನ್ನೆಲ್ಲ ತೆಗೆದು ಬೈದಳು. ಅವಳಿಗೇ ಆಶ್ಚರ್ಯವಾಗುವಷ್ಟು ಬೈದಳು. ಉಳಿದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಸವಣಪ್ಪ ಕೂಗಿ ಕೂಗಿ ಸುಸ್ತಾಗಿ ಮರದ ನೆರಳಿಗೆ ಹೋದ. ಸಂಜೆ ಅವಳ ಕೂಲಿಯಲ್ಲಿ ಅರ್ಧ ಮುರಿದುಕೊಂಡ.

ಮರುದಿನ ಅವಳು ಗಾಡಿ ಹತ್ತುವಾಗ, ಎಲ್ಲಿ ಇಳಿಯುತ್ತೀ ಎಂದು ಡ್ರೈವರ್ ಕೇಳಿದ. ಅದೇ ಹೊಲಕ್ಕೆ ಎಂದಳು.